ಪೋರ್ಷನ್ ಮುಗಿಯಿತು, ಪಾಠ ಉಳಿಯಿತೇ?

ಬೇಸಿಗೆ ರಜೆ ಮುಗಿದು ಬಾಗಿಲು ತೆರೆದ ಮೊದಲ ವಾರಗಳಲ್ಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ಹೊಸ ಪಾಠ ಶುರುವಾಗುವುದಿಲ್ಲ, ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಯಲ್ಲಿ ಕಲಿತದ್ದರಲ್ಲಿ ಎಷ್ಟು ಉಳಿದಿದೆ ಎಂದು ಪೂರ್ವ ಪರೀಕ್ಷೆಯಲ್ಲಿ ನೋಡುತ್ತಾರೆ. ಬಿಟ್ಟುಹೋದದ್ದನ್ನು ಮತ್ತೆ ಹೇಳಿಕೊಡುತ್ತಾರೆ. ಕೊನೆಗೊಂದು ಸಾಫಲ್ಯ ಪರೀಕ್ಷೆ ಮಾಡಿ ಹೊಸ ಪುಸ್ತಕ ತೆರೆಸುತ್ತಾರೆ. ಮಾರ್ಚ್‌ನಲ್ಲಿ ಭಿನ್ನರಾಶಿಯ ಲೆಕ್ಕ ಸರಿಯಾಗಿ ಮಾಡಿದ ಮಗು ಜೂನ್‌ನಲ್ಲಿ ಅದೇ ಲೆಕ್ಕದ ಮುಂದೆ ಪೆನ್ಸಿಲ್ ಹಿಡಿದು ಸುಮ್ಮನೆ ಕೂರುತ್ತದೆ. ಇದು ಪ್ರತಿಯೊಬ್ಬ ಶಿಕ್ಷಕರೂ ಕಂಡ ಸತ್ಯ, ಸೇತುಬಂಧ ಎಂಬ ಏರ್ಪಾಡು ಹುಟ್ಟಿದ್ದೇ ಅದರಿಂದ. ಆದರೆ ಮರೆವು ರಜೆಯಲ್ಲಿ ಮಾತ್ರ ಆಗುವುದಲ್ಲ. ಪಾಠ ಮುಗಿದ ಗಂಟೆಯಿಂದಲೇ ಅದು ಶುರುವಾಗಿರುತ್ತದೆ. ವರ್ಷವಿಡೀ ನಡೆಯುವ ಸಂಗತಿಗೆ ವರ್ಷದ ಆರಂಭದ ಕೆಲವು ವಾರ ಮಾತ್ರ ಕೊಟ್ಟು, ಉಳಿದ ತಿಂಗಳುಗಳನ್ನೆಲ್ಲ ಪೋರ್ಷನ್ ಮುಗಿಸುವ ಧಾವಂತಕ್ಕೆ ಬಿಟ್ಟಿದ್ದೇವೆ.

ಶಿಕ್ಷಕರ ಕೊಠಡಿಯಲ್ಲಿ ಎರಡು ದೂರುಗಳು ಯಾವಾಗಲೂ ಕೇಳಿಬರುತ್ತವೆ. ಒಂದು, ಎಷ್ಟು ಹೇಳಿಕೊಟ್ಟರೂ ಮಕ್ಕಳ ತಲೆಯಲ್ಲಿ ನಿಲ್ಲುವುದಿಲ್ಲ. ಇನ್ನೊಂದು, ಕಲಿಯುವುದರ ಬೆಲೆಯೇ ಮಕ್ಕಳಿಗೆ ಗೊತ್ತಿಲ್ಲ, ‘ಇದು ಪರೀಕ್ಷೆಗೆ ಬರುತ್ತಾ ಸಾರ್’ ಎಂಬುದೊಂದೇ ಪ್ರಶ್ನೆ. ಮೊದಲನೆಯದನ್ನು ಜ್ಞಾಪಕಶಕ್ತಿಯ ತೊಂದರೆ ಎಂದೂ ಎರಡನೆಯದನ್ನು ಸಂಸ್ಕಾರದ ತೊಂದರೆ ಎಂದೂ ಬೇರೆ ಬೇರೆ ಕಟ್ಟಿಟ್ಟುಬಿಟ್ಟಿದ್ದೇವೆ. ನನ್ನ ಮಟ್ಟಿಗೆ ಇವೆರಡೂ ಒಂದೇ ತೊಂದರೆ. ಕಲಿತದ್ದನ್ನು ಮತ್ತೆ ಮತ್ತೆ ಹೊರಗೆ ತೆಗೆದು ಬಳಸುವ ಸಂದರ್ಭವನ್ನು ಶಾಲೆ ಮಗುವಿಗೆ ಕೊಡುತ್ತಿಲ್ಲ. ಬಳಸದ್ದು ಉಳಿಯುವುದಿಲ್ಲ, ಬಳಸದ್ದಕ್ಕೆ ಬೆಲೆಯೂ ಬರುವುದಿಲ್ಲ. ನೂರು ವರ್ಷಕ್ಕೂ ಮೀರಿದ ಸಂಶೋಧನೆಯನ್ನೂ ನಮ್ಮ ತರಗತಿಗಳ ಅನುಭವವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಸಿಗುವ ತೀರ್ಮಾನ ಇದು.

ಮರೆವಿಗೆ ಮೊದಲು ಲೆಕ್ಕ ಇಟ್ಟವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಸುಮಾರು 2,300 ಅಕ್ಷರಗುಚ್ಛಗಳನ್ನು ಮಾಡಿಕೊಂಡು, ಅವುಗಳಿಂದ ಪಟ್ಟಿಗಳನ್ನು ಹೆಣೆದು, ತಾವೇ ಬಾಯಿಪಾಠ ಮಾಡಿ, ಒಂದಿಷ್ಟು ಸಮಯ ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಕಲಿಯಲು ಎಷ್ಟು ಕಡಿಮೆ ಶ್ರಮ ಸಾಕಾಗುತ್ತದೆ ಎಂದು ಅಳೆದರು. 1885ರಲ್ಲಿ ಪ್ರಕಟವಾದ ಅವರ ಪುಸ್ತಕದ ಪ್ರಕಾರ ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಕರಗಿಹೋಗಿತ್ತು. ಒಂದು ದಿನದ ಮೇಲೆ ಮೂರರಲ್ಲಿ ಒಂದು ಪಾಲು ಉಳಿದಿತ್ತು, ತಿಂಗಳಾದ ಮೇಲೆ ಐದರಲ್ಲಿ ಒಂದು ಪಾಲು. 2015ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಇದೇ ಪ್ರಯೋಗವನ್ನು ಮತ್ತೆ ಮಾಡಿದಾಗಲೂ ಹೆಚ್ಚುಕಡಿಮೆ ಅದೇ ರೇಖೆ ಬಂತು. ಈ ಅಂಕಿಗಳನ್ನು ಹಾಗೆಯೇ ಎತ್ತಿ ನಮ್ಮ ತರಗತಿಗೆ ಅಂಟಿಸುವುದು ಸರಿಯಲ್ಲ. ಅರ್ಥವಿಲ್ಲದ ಅಕ್ಷರಗಳಿಗೂ ಅರ್ಥವಿರುವ ಪಾಠಕ್ಕೂ ಬಹಳ ವ್ಯತ್ಯಾಸವಿದೆ. ಆದರೆ ರೇಖೆಯ ಆಕಾರ ಮುಖ್ಯ. ಮರೆವು ಮೊದಲು ಕಡಿದಾಗಿ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ, ಮತ್ತೆ ಕಲಿತಾಗಲೆಲ್ಲ ಇನ್ನಷ್ಟು ನಿಧಾನವಾಗುತ್ತದೆ. ಹಾಗಾಗಿ ಮರೆಯುವ ಮಗುವನ್ನು ದಡ್ಡ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಎಲ್ಲರ ತಲೆಯೂ ಹಾಗೆಯೇ ಕೆಲಸ ಮಾಡುತ್ತದೆ.

ಎಬ್ಬಿಂಗ್‌ಹೌಸ್ ನೋಡಿದ್ದು ದಿನ, ತಿಂಗಳುಗಳ ಮಾತು. ದಶಕಗಳ ಮಾತನ್ನು ನೋಡಿದವರು ಅಮೆರಿಕದ ಹ್ಯಾರಿ ಬಾರಿಕ್. ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತ ಏಳುನೂರಕ್ಕೂ ಹೆಚ್ಚು ಜನರನ್ನು, ಕಲಿತು ಐವತ್ತು ವರ್ಷ ಕಳೆದವರನ್ನೂ ಸೇರಿಸಿ, ಪರೀಕ್ಷಿಸಿ 1984ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ವಿಚಿತ್ರವಾಗಿತ್ತು. ಮೊದಲ ಕೆಲವು ವರ್ಷಗಳಲ್ಲಿ ಬಹಳಷ್ಟು ಮರೆತುಹೋಗಿತ್ತು. ಅದಾದ ಮೇಲೆ ಉಳಿದದ್ದು ದಶಕಗಟ್ಟಲೆ ಅಲುಗಾಡದೆ ನಿಂತಿತ್ತು. 1991ರಲ್ಲಿ ಅವರು ಲಿಂಡಾ ಹಾಲ್ ಜೊತೆ ಮಾಡಿದ ಗಣಿತದ ಅಧ್ಯಯನ ಇದಕ್ಕಿಂತ ದೊಡ್ಡ ಪಾಠ ಹೇಳುತ್ತದೆ. ಶಾಲೆಯಲ್ಲಿ ಬೀಜಗಣಿತ ಕಲಿತು ಅಲ್ಲಿಗೇ ನಿಲ್ಲಿಸಿದವರು ಮುಂದಿನ ದಶಕಗಳಲ್ಲಿ ಅದನ್ನು ಬಹುತೇಕ ಕಳೆದುಕೊಂಡಿದ್ದರು. ಮುಂದೆ ಕಲನಶಾಸ್ತ್ರದವರೆಗೆ ಓದಿದವರಲ್ಲಿ ಅದೇ ಬೀಜಗಣಿತ ಅರ್ಧ ಶತಮಾನದ ನಂತರವೂ ಉಳಿದಿತ್ತು. ಮೇಲಿನ ತರಗತಿಯಲ್ಲಿ ಕೆಳಗಿನ ತರಗತಿಯ ಗಣಿತವನ್ನು ವರ್ಷಗಟ್ಟಲೆ ಬಳಸಿದ್ದರು, ಅದರಿಂದ ಅದು ನಿಂತಿತು. ಒಂದು ವರ್ಷದಲ್ಲಿ ಚೆನ್ನಾಗಿ ಕಲಿಸುವುದಷ್ಟೇ ಸಾಲದು, ಮುಂದಿನ ವರ್ಷಗಳು ಅದನ್ನು ಕೇಳುತ್ತಾ ಹೋಗಬೇಕು.

ಈಗ ತರಗತಿಯೊಳಗೆ ಬರೋಣ. ನೆನಪು ಉಳಿಯಲು ಏನು ಮಾಡಬೇಕು ಎಂದು ಕೇಳಿದರೆ ನಮ್ಮ ಮನೆಗಳಲ್ಲೂ ಶಾಲೆಗಳಲ್ಲೂ ಸಿಗುವ ಉತ್ತರ ಒಂದೇ: ಓದು, ಇನ್ನೊಂದು ಸಲ ಓದು. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಓದಿಸುವ ತಾಯಂದಿರೂ ಸ್ಪೆಷಲ್ ಕ್ಲಾಸಿನಲ್ಲಿ ಕೂರಿಸುವ ಶಿಕ್ಷಕರೂ ಮಾಡಿಸುವುದು ಮರುಓದು. ಸಂಶೋಧನೆ ಬೊಟ್ಟು ಮಾಡುವುದು ಇನ್ನೊಂದು ಕಡೆಗೆ. 1939ರಲ್ಲೇ ಹರ್ಬರ್ಟ್ ಸ್ಪಿಟ್ಸರ್ ಎಂಬವರು ಅಮೆರಿಕದ ಅಯೋವಾ ರಾಜ್ಯದ 91 ಶಾಲೆಗಳ ಆರನೇ ತರಗತಿಯ 3,605 ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಓದಿದ ಕೂಡಲೇ ಒಮ್ಮೆ ಪ್ರಶ್ನೆಗೆ ಉತ್ತರಿಸಿದ್ದ ಮಕ್ಕಳು ವಾರಗಳ ನಂತರವೂ ಮುಂದಿದ್ದರು. ಆ ಕೆಲಸ ಬಹುಕಾಲ ಮೂಲೆಗೆ ಬಿದ್ದಿತ್ತು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಅದಕ್ಕೆ ಮತ್ತೆ ಜೀವ ಕೊಟ್ಟರು. ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಉಳಿದ ಮೂರು ಸರದಿಯಲ್ಲಿ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಗೆದ್ದರು, ಶೇ. 83 ಮತ್ತು ಶೇ. 71. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಲ್ಲಿ ಶೇ. 40 ಉಳಿದಿತ್ತು, ನೆನಪು ಮಾಡಿಕೊಂಡು ಬರೆದವರಲ್ಲಿ ಶೇ. 61.

ಐದು ನಿಮಿಷದ ಫಲಿತಾಂಶದಲ್ಲೇ ನಮ್ಮ ದಾರಿ ತಪ್ಪಿದೆ. ಮರುಓದು ಆ ಕ್ಷಣಕ್ಕೆ ಗೆಲ್ಲುತ್ತದೆ. ಎರಡನೇ ಸಲ ಓದುವಾಗ ಸಾಲುಗಳು ಪರಿಚಿತವಾಗಿ ಕಾಣುತ್ತವೆ. ಪರಿಚಯವಾದದ್ದೆಲ್ಲ ಬರುತ್ತದೆ ಎಂದು ಮಗು ನಂಬುತ್ತದೆ, ಪುಸ್ತಕ ಎದುರಿಗಿಟ್ಟು ಕೇಳುವ ತಂದೆಯೂ ನಂಬುತ್ತಾರೆ. 2013ರಲ್ಲಿ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು ವಿದ್ಯಾರ್ಥಿಗಳು ಬಳಸುವ ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿದರು. ಹೆಚ್ಚು ಫಲ ಕೊಡುವುದು ಎಂದು ಅವರು ಆರಿಸಿದ್ದು ಎರಡೇ: ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು, ಬಿಡುವು ಕೊಟ್ಟು ಮತ್ತೆ ಕಲಿಯುವುದು. ನಮ್ಮ ಮಕ್ಕಳು ಅತಿ ಹೆಚ್ಚು ಮಾಡುವ ಮರುಓದು, ಗೆರೆ ಎಳೆಯುವುದು, ಬಣ್ಣದ ಪೆನ್ನಿನಿಂದ ಗುರುತು ಹಾಕುವುದು ಕಡಿಮೆ ಫಲದ ಪಟ್ಟಿಯಲ್ಲಿದ್ದವು.

ಕಲಿಯುವವರ ಅನಿಸಿಕೆ ಎಷ್ಟು ನಂಬತಕ್ಕದ್ದು ಎಂಬುದಕ್ಕೆ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ಉತ್ತರ ಕೊಡುತ್ತದೆ. ಸೊಗಸಾದ ಉಪನ್ಯಾಸ ಕೇಳಿದ ವಿದ್ಯಾರ್ಥಿಗಳು ತಾವು ಹೆಚ್ಚು ಕಲಿತೆವು ಎಂದರು. ಗುಂಪಿನಲ್ಲಿ ಕುಳಿತು ಸಮಸ್ಯೆ ಬಿಡಿಸಲು ಒದ್ದಾಡಿದವರು ತಾವು ಕಡಿಮೆ ಕಲಿತೆವು ಎಂದರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ಒದ್ದಾಡಿದವರಿಗೆ. ಒದ್ದಾಟ ಕಲಿಕೆಯ ಗುರುತು ಎಂದು ಮಗುವಿಗೆ ಯಾರಾದರೂ ಮೊದಲೇ ಹೇಳಿಕೊಡಬೇಕು, ಇಲ್ಲದಿದ್ದರೆ ಅದು ತನ್ನ ದಡ್ಡತನದ ಗುರುತು ಎಂದುಕೊಂಡುಬಿಡುತ್ತದೆ.

ಇದನ್ನು ಜಾರಿಗೆ ತರಲು ಸ್ಮಾರ್ಟ್ ಕ್ಲಾಸ್ ಬೇಡ, ಹೆಚ್ಚುವರಿ ಅನುದಾನವೂ ಬೇಡ. ಹತ್ತನೇ ತರಗತಿಯ ವಿಜ್ಞಾನ ಪೀರಿಯಡ್ ಒಂದನ್ನು ತೆಗೆದುಕೊಳ್ಳಿ. ಗಂಟೆ ಹೊಡೆದ ಕೂಡಲೇ ‘ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು’ ಎಂದು ಶಿಕ್ಷಕಿಯೇ ಕೇಳಿ ಶಿಕ್ಷಕಿಯೇ ಉತ್ತರ ಹೇಳುವುದು ರೂಢಿ. ಅದರ ಬದಲು ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆಯಲಿ. ಒಂದು ನಿನ್ನೆಯದು: ಮೂತ್ರಪಿಂಡದಲ್ಲಿ ರಕ್ತ ಸೋಸಲ್ಪಡುವುದು ಹೇಗೆ? ಒಂದು ಕಳೆದ ವಾರದ್ದು: ಎಲೆಯಲ್ಲಿ ಪತ್ರರಂಧ್ರ ಮುಚ್ಚಿಕೊಂಡರೆ ದ್ಯುತಿಸಂಶ್ಲೇಷಣೆಗೆ ಏನಾಗುತ್ತದೆ? ಇನ್ನೊಂದು ಕಳೆದ ತಿಂಗಳದ್ದು: ಜೇನುಹುಳು ಕಚ್ಚಿದ ಜಾಗಕ್ಕೆ ಅಡುಗೆ ಸೋಡಾ ಹಚ್ಚುವುದು ಏಕೆ? ಪುಸ್ತಕ, ನೋಟ್ಸ್ ಎರಡೂ ಬ್ಯಾಗಿನಲ್ಲಿ. ಐದು ನಿಮಿಷ ಎಲ್ಲರೂ ಬರೆಯುತ್ತಾರೆ. ಆಮೇಲೆ ಪಕ್ಕದವರೊಡನೆ ಹೋಲಿಸಿಕೊಳ್ಳುತ್ತಾರೆ, ಶಿಕ್ಷಕಿ ಸರಿಯುತ್ತರ ಹೇಳುತ್ತಾರೆ, ತಪ್ಪಿದ್ದನ್ನು ಮಕ್ಕಳೇ ತಿದ್ದಿಕೊಳ್ಳುತ್ತಾರೆ. ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಕೆಳಗಿನ ತರಗತಿಗಳಲ್ಲಿ ಇದಕ್ಕೆ ಸ್ಲೇಟಿಗಿಂತ ಒಳ್ಳೆಯ ಸಾಧನವಿಲ್ಲ. ಎಲ್ಲರೂ ಬರೆದು ಒಟ್ಟಿಗೆ ಮೇಲಕ್ಕೆತ್ತಿ ಹಿಡಿದರೆ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮುಂದಿನ ಬೆಂಚಿನ ನಾಲ್ಕು ಕೈಗಳನ್ನು ನೋಡಿ ಇಡೀ ತರಗತಿಗೆ ಅರ್ಥವಾಯಿತು ಎಂದುಕೊಳ್ಳುವ ಅಪಾಯ ತಪ್ಪುತ್ತದೆ.

ಎರಡು ಷರತ್ತುಗಳನ್ನು ಇಲ್ಲಿ ಒತ್ತಿ ಹೇಳಬೇಕು. ನೆನಪು ಮಾಡಿಕೊಳ್ಳುವ ಯತ್ನದ ಹಿಂದೆಯೇ ಸರಿಯುತ್ತರ ಸಿಗಬೇಕು. ಇಲ್ಲವಾದರೆ ತಪ್ಪೇ ಗಟ್ಟಿಯಾಗಿ ಕೂರಬಹುದು. ಎರಡನೆಯದು ಇನ್ನೂ ಮುಖ್ಯ: ಇದಕ್ಕೆ ಅಂಕ ಇರಬಾರದು, ರಿಜಿಸ್ಟರಿಗೆ ಏರಬಾರದು, ಉತ್ತರ ಬಾರದ ಮಗುವನ್ನು ನಿಲ್ಲಿಸಬಾರದು. ಪ್ರಶ್ನೆ ಕೇಳುವುದು ನಮ್ಮ ಶಾಲೆಗಳಿಗೆ ಹೊಸದಲ್ಲ. ಬೆತ್ತ ಹಿಡಿದು ಮಗ್ಗಿ ಕೇಳಿದ ಕಾಲವೂ ಇತ್ತು. ಆ ಕಾಲದ ಎಷ್ಟೋ ಜನರಿಗೆ ಇವತ್ತಿಗೂ ಮಗ್ಗಿ ನೆನಪಿದೆ, ಗಣಿತದ ಮೇಲಿನ ಭಯವೂ ಹಾಗೇ ಉಳಿದಿದೆ. ನೆನಪು ಉಳಿದು ಪ್ರೀತಿ ಹೋದರೆ ಅದನ್ನು ಗೆಲುವು ಎನ್ನಲಾಗದು.

ಬಿಡುವಿನ ಮಾತು ಇನ್ನೊಂದು. ಒಂದೇ ದಿನ ಮೂರು ಗಂಟೆ ಓದುವುದಕ್ಕಿಂತ ಅದೇ ಮೂರು ಗಂಟೆಯನ್ನು ಮೂರು ವಾರಕ್ಕೆ ಹಂಚಿದರೆ ಹೆಚ್ಚು ಉಳಿಯುತ್ತದೆ ಎಂಬುದು ಮನೋವಿಜ್ಞಾನದಲ್ಲಿ ಅತ್ಯಂತ ಗಟ್ಟಿಯಾಗಿ ನಿಂತ ಫಲಿತಾಂಶಗಳಲ್ಲೊಂದು. ಅದರ ಜೊತೆಗೇ ಬರುವುದು ಬೆರಕೆ ಅಭ್ಯಾಸ. ನಮ್ಮ ಗಣಿತ ಪುಸ್ತಕಗಳ ಅಭ್ಯಾಸ ನೋಡಿ: ಒಂದು ಸೂತ್ರ, ಅದರ ಕೆಳಗೆ ಅದೇ ಸೂತ್ರದ ಹತ್ತು ಲೆಕ್ಕ. ಮೂರನೆಯ ಲೆಕ್ಕದಿಂದಾಚೆ ಮಗು ಯೋಚಿಸುವುದಿಲ್ಲ, ಅಂಕಿ ಬದಲಿಸಿ ಬರೆಯುತ್ತದೆ. 2007ರಲ್ಲಿ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಒಂದು ಗುಂಪಿಗೆ ಬಗೆಬಗೆಯಾಗಿ ವಿಂಗಡಿಸಿ ಕೊಟ್ಟರು, ಇನ್ನೊಂದಕ್ಕೆ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ವಿಂಗಡಿಸಿ ಮಾಡಿದವರು ಶೇ. 89 ಸರಿ ಮಾಡಿದರು, ಕಲಸಿ ಮಾಡಿದವರು ಶೇ. 60 ಮಾತ್ರ. ವಾರದ ನಂತರದ ಪರೀಕ್ಷೆಯಲ್ಲಿ ವಿಂಗಡಿಸಿ ಮಾಡಿದವರು ಶೇ. 20ಕ್ಕೆ ಕುಸಿದರು, ಕಲಸಿ ಮಾಡಿದವರು ಶೇ. 63ರಲ್ಲೇ ನಿಂತರು. ಸೂತ್ರ ಗೊತ್ತಿರುವುದು ಅರ್ಧ ವಿದ್ಯೆ, ಯಾವ ಲೆಕ್ಕಕ್ಕೆ ಯಾವ ಸೂತ್ರ ಎಂದು ಆರಿಸಿಕೊಳ್ಳುವುದು ಉಳಿದರ್ಧ. ಶೀರ್ಷಿಕೆಯೇ ಸೂತ್ರ ಹೇಳಿಬಿಡುವ ಅಭ್ಯಾಸದಲ್ಲಿ ಆ ಉಳಿದರ್ಧಕ್ಕೆ ಜಾಗವೇ ಇಲ್ಲ.

ಪರೀಕ್ಷೆಗಳು ನಮ್ಮಲ್ಲಿ ಬೇಕಾದಷ್ಟಿವೆಯಲ್ಲ ಎಂದು ಯಾರಾದರೂ ಕೇಳಬಹುದು. ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ, ಹತ್ತನೆಯವರಿಗೆ ಸರಣಿ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ. ಕೊರತೆ ಸಂಖ್ಯೆಯಲ್ಲಿಲ್ಲ, ಉದ್ದೇಶದಲ್ಲಿದೆ. ಇವೆಲ್ಲ ಮಗುವನ್ನು ಅಳೆಯಲು ನಡೆಯುತ್ತವೆ, ಮಗು ಕಲಿಯಲು ಅಲ್ಲ. ಉತ್ತರಪತ್ರಿಕೆ ವಾಪಸು ಬರುವ ಹೊತ್ತಿಗೆ ತರಗತಿ ಎರಡು ಪಾಠ ಮುಂದೆ ಹೋಗಿರುತ್ತದೆ. ಮಗು ಅಂಕ ನೋಡಿ ಪತ್ರಿಕೆ ಮಡಚಿಡುತ್ತದೆ. ರೂಪಣಾತ್ಮಕ ಎಂಬುದಕ್ಕೆ ಕಲಿಕೆಯನ್ನು ರೂಪಿಸುವ ಕೆಲಸವಿತ್ತು, ಆದರೆ ಬಹಳಷ್ಟು ಶಾಲೆಗಳಲ್ಲಿ ಅದು ಅಂಕ ತುಂಬುವ ಕೋಷ್ಟಕವಾಗಿ ನಿಂತಿದೆ. ಹತ್ತನೇ ತರಗತಿಗೆ ಬಂದರೆ ಪರಿಸ್ಥಿತಿ ಇನ್ನೂ ಬಿಗಿ. ಬ್ಲೂ ಪ್ರಿಂಟ್ ನೋಡಿ ಯಾವ ಪಾಠಕ್ಕೆ ಎಷ್ಟು ಅಂಕ ಎಂದು ಲೆಕ್ಕ ಹಾಕಿ, ಹಿಂದುಳಿದ ಮಕ್ಕಳಿಗೆಂದು ಪಾಸಿಂಗ್ ಪ್ಯಾಕೇಜ್ ತಯಾರಿಸಿ, ಅಷ್ಟನ್ನೇ ತಿದ್ದಿ ತೀಡಿಸುತ್ತಾರೆ. ಫಲಿತಾಂಶ ಕುಸಿದರೆ ನೋಟಿಸ್ ಬರುವ ವ್ಯವಸ್ಥೆಯಲ್ಲಿ ಶಿಕ್ಷಕರು ಬೇರೇನು ಮಾಡಬೇಕು ಎಂಬ ಪ್ರಶ್ನೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆದರೆ ಹಾಗೆ ದಾಟಿಸಿದ ಪಾಠದ ಬಲ ಎಷ್ಟು ಎಂಬುದು 2024ರಲ್ಲಿ ಕಂಡಿತು. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ, ಕೃಪಾಂಕದ ಪ್ರಮಾಣ ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಕ್ಯಾಮೆರಾ ಮಕ್ಕಳ ಕಲಿಕೆಯನ್ನು ಕಡಿಮೆ ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸಿತು.

ಇಲ್ಲಿ ಬಾಯಿಪಾಠದ ಪರ ಒಂದು ಮಾತು ಹೇಳಬೇಕು. ಗಿಳಿಪಾಠವನ್ನು ಖಂಡಿಸುವ ಭರದಲ್ಲಿ ನೆನಪನ್ನೇ ಕೀಳಾಗಿ ಕಾಣುವ ರೂಢಿ ಶಿಕ್ಷಣದ ಚರ್ಚೆಗಳಲ್ಲಿ ಬೆಳೆದಿದೆ. ‘ಅರ್ಥವಾದರೆ ಸಾಕು, ನೆನಪಿರಬೇಕಿಲ್ಲ, ಮೊಬೈಲಿನಲ್ಲಿ ಸಿಗುತ್ತದೆ’ ಎನ್ನುವವರಿದ್ದಾರೆ. ಇದು ತಪ್ಪು. ಏಳೆಂಟಲ ಐವತ್ತಾರು ಎಂಬುದು ತಡವರಿಸದೆ ಬಾರದ ಮಗುವಿಗೆ ಭಾಗಾಕಾರದ ಪ್ರತಿ ಹೆಜ್ಜೆಯೂ ಬೆಟ್ಟ. ಮನಸ್ಸು ಒಂದು ಹೊತ್ತಿಗೆ ಹಿಡಿದಿಡಬಲ್ಲ ಸಂಗತಿಗಳು ಬೆರಳೆಣಿಕೆಯಷ್ಟು. ಮಗ್ಗಿಗೇ ಅವೆಲ್ಲ ಖರ್ಚಾದರೆ ಲೆಕ್ಕದ ತರ್ಕಕ್ಕೆ ಏನೂ ಉಳಿಯುವುದಿಲ್ಲ. ಓದಿನ ವಿಷಯದಲ್ಲೂ ಇದೇ ಮಾತು. 2022ರ ಅಸರ್ ಸಮೀಕ್ಷೆಯಲ್ಲಿ ದೇಶದ ಗ್ರಾಮೀಣ ಭಾಗದ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ. 42.8 ಮಾತ್ರ. ಅಕ್ಷರ ಕೂಡಿಸುವುದರಲ್ಲೇ ಶಕ್ತಿ ಮುಗಿಯುವ ಮಗುವಿಗೆ ಸಮಾಜ ವಿಜ್ಞಾನದ ಪಾಠ ನೆನಪಿಟ್ಟುಕೋ ಎಂದು ಹೇಳುವುದು ಅನ್ಯಾಯ.

ನೆನಪು ಮತ್ತು ಅರ್ಥ ಎರಡೂ ಒಟ್ಟಿಗೆ ಬೆಳೆಯುವುದು ಹೇಗೆ ಎಂದು ನೋಡಲು ನಮ್ಮಲ್ಲೇ ತಾಳಮದ್ದಳೆ ಇದೆ. ಕರಾವಳಿ, ಮಲೆನಾಡಿನ ಅರ್ಥಧಾರಿಗೆ ಪ್ರಸಂಗದ ಪದ್ಯಗಳು ಗೊತ್ತಿರಬೇಕು, ಪುರಾಣದ ವಿವರಗಳು ನಾಲಗೆಯ ತುದಿಯಲ್ಲಿರಬೇಕು. ಆದರೆ ಭಾಗವತರು ಪದ ಹೇಳಿ ನಿಲ್ಲಿಸಿದ ಮೇಲೆ ಮಾತು ಅವನದೇ. ಎದುರಿನವನು ಯಾವ ಪ್ರಶ್ನೆ ಎತ್ತುತ್ತಾನೋ ಅದಕ್ಕೆ ಆ ಕ್ಷಣದಲ್ಲಿ ಒಳಗಿನಿಂದ ಹುಡುಕಿ ತೆಗೆದು ಉತ್ತರಿಸಬೇಕು. ರಾತ್ರಿಯಿಂದ ರಾತ್ರಿಗೆ, ಊರಿಂದ ಊರಿಗೆ, ಪ್ರಸಂಗದಿಂದ ಪ್ರಸಂಗಕ್ಕೆ ಈ ಹುಡುಕಾಟ ನಡೆಯುತ್ತದೆ. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಕಲಾವಿದರು ದೊಡ್ಡ ವಿದ್ವಾಂಸರಂತೆ ಮಾತಾಡಿದ್ದು ಈ ಬಗೆಯ ಬಳಕೆಯಿಂದ. ತರಗತಿಯಲ್ಲಿ ಒಂದು ಪಾಠ ಮುಗಿದ ಮೇಲೆ ಇಬ್ಬರು ಮಕ್ಕಳನ್ನು ಎದುರುಬದುರು ಕೂರಿಸಿ, ಒಬ್ಬಳು ಟಿಪ್ಪು, ಒಬ್ಬ ಕಾರ್ನ್‌ವಾಲಿಸ್ ಎಂದು ಶ್ರೀರಂಗಪಟ್ಟಣದ ಒಪ್ಪಂದದ ಬಗ್ಗೆ ಮಾತಾಡಿಸಿದರೆ, ಗೈಡಿನ ಐದು ಅಂಶಗಳಿಗಿಂತ ಹೆಚ್ಚು ಉಳಿಯುತ್ತದೆ.

ಬೆಲೆಯ ಪ್ರಶ್ನೆಗೆ ಬಂದರೆ, ನಾವು ಮೊದಲು ಹುಡುಕುವುದು ಬಹುಮಾನ. ನಕ್ಷತ್ರ, ಚಾಕೊಲೇಟ್, ತೊಂಬತ್ತು ದಾಟಿದರೆ ಸೈಕಲ್. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ ಕೊಟ್ಟರು. ಕೆಲವು ದಿನಗಳ ನಂತರ ಬಹುಮಾನದ ಮಾತಿಲ್ಲದೆ ಬಣ್ಣದ ಪೆನ್ನುಗಳನ್ನು ಮುಂದಿಟ್ಟಾಗ, ಪ್ರಶಸ್ತಿಗಾಗಿ ಬಿಡಿಸಿದ್ದ ಮಕ್ಕಳ ಆಸಕ್ತಿ ಎದ್ದು ಕಾಣುವಷ್ಟು ತಗ್ಗಿತ್ತು. ಅಂಕಕ್ಕಾಗಿ ಮಾತ್ರ ಓದಿಸಿದ ಪಾಠ ಅಂಕ ಸಿಕ್ಕ ದಿನ ಮಗುವಿನ ಪಾಲಿಗೆ ಸತ್ತುಹೋಗುತ್ತದೆ. ಕೊನೆಯ ಪರೀಕ್ಷೆಯ ಮಧ್ಯಾಹ್ನ ನೋಟ್ಸ್ ಹರಿದು ಗಾಳಿಗೆ ತೂರುವ ಮಕ್ಕಳ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಅಂಕ ಬಿಟ್ಟು ಬೇರೇನಕ್ಕೂ ಆ ನೋಟ್ಸ್ ಬೇಕಾಗುತ್ತದೆ ಎಂದು ಯಾರೂ ಅವರಿಗೆ ತೋರಿಸಿರಲಿಲ್ಲ.

‘ಇದು ಮುಂದೆ ಉಪಯೋಗಕ್ಕೆ ಬರುತ್ತದೆ’ ಎಂಬ ಉಪದೇಶವೂ ಕೆಲಸ ಮಾಡುವುದಿಲ್ಲ. ಕ್ರಿಸ್ ಹಲ್ಮನ್ ಮತ್ತು ಜುಡಿತ್ ಹರಾಕಿವಿಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೈಸ್ಕೂಲಿನ ವಿಜ್ಞಾನ ವಿದ್ಯಾರ್ಥಿಗಳು ತಾವು ಕಲಿತ ಪಾಠಕ್ಕೂ ತಮ್ಮ ಬದುಕಿಗೂ ಇರುವ ಸಂಬಂಧವನ್ನು ತಾವೇ ಆಗಾಗ ಬರೆದರು. ತಮ್ಮಿಂದಾಗದು ಎಂದು ಕೈಚೆಲ್ಲಿದ್ದ ಮಕ್ಕಳ ಆಸಕ್ತಿಯೂ ಅಂಕವೂ ಏರಿತು. ಆದರೆ ಉಪಯೋಗವನ್ನು ದೊಡ್ಡವರೇ ಹೇಳಿಬಿಟ್ಟಾಗ ಆತ್ಮವಿಶ್ವಾಸ ಕಡಿಮೆಯಿದ್ದ ಮಕ್ಕಳಿಗೆ ಕೆಲವೊಮ್ಮೆ ತೊಂದರೆಯೇ ಆಯಿತು ಎಂದು ಮುಂದಿನ ಅಧ್ಯಯನಗಳು ಕಂಡುಕೊಂಡವು. ಸಂಬಂಧವನ್ನು ಮಗುವೇ ಹುಡುಕಬೇಕು. ಶಿಕ್ಷಕರ ಕೆಲಸ ಹುಡುಕುವ ಸಂದರ್ಭ ಒದಗಿಸುವುದು.

ಸರಳಬಡ್ಡಿಯ ಪಾಠ ತೆಗೆದುಕೊಳ್ಳೋಣ. ಅಸಲು, ದರ, ಅವಧಿ ಗುಣಿಸಿ ನೂರರಿಂದ ಭಾಗಿಸು ಎಂಬ ಸೂತ್ರವನ್ನು ಎಲ್ಲ ಮಕ್ಕಳೂ ಬರೆಯುತ್ತಾರೆ. ಅವರಲ್ಲಿ ಬಹಳಷ್ಟು ಮಕ್ಕಳ ತಾಯಂದಿರು ಸ್ತ್ರೀಶಕ್ತಿ ಸಂಘದಲ್ಲೋ ಇನ್ನೊಂದು ಸ್ವಸಹಾಯ ಗುಂಪಿನಲ್ಲೋ ಸಾಲ ತೆಗೆದವರು. ಕೈಗೆ ಬಂದ ಸಾಲ 12,000 ರೂಪಾಯಿ, ದರ ವರ್ಷಕ್ಕೆ ಶೇ. 12, ತಿಂಗಳಿಗೆ 1,000ದಂತೆ ಹನ್ನೆರಡು ತಿಂಗಳಲ್ಲಿ ಅಸಲು ತೀರಬೇಕು ಎಂದಿಟ್ಟುಕೊಳ್ಳಿ. ಪುಸ್ತಕದ ಸೂತ್ರದಂತೆ ಇಡೀ ಅಸಲಿಗೆ ಇಡೀ ವರ್ಷದ ಬಡ್ಡಿ ಹಾಕಿದರೆ 1,440 ರೂಪಾಯಿ. ಆದರೆ ಅಸಲು ತಿಂಗಳು ತಿಂಗಳು ಕರಗುತ್ತಿದೆಯಲ್ಲ? ಮೊದಲ ತಿಂಗಳು 12,000ಕ್ಕೆ 120, ಎರಡನೆಯ ತಿಂಗಳು 11,000ಕ್ಕೆ 110, ಮೂರನೆಯದು 100, ಹೀಗೆ ಕೊನೆಯ ತಿಂಗಳು 10 ರೂಪಾಯಿ ಎಂದು ಕೂಡಿಸಿದರೆ ಒಟ್ಟು 780. ಅದೇ ಸಾಲ, ಅದೇ ದರ, 660 ರೂಪಾಯಿಯ ವ್ಯತ್ಯಾಸ. ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿದ ಮಗು ಸಂಜೆ ಮನೆಗೆ ಹೋಗಿ ಅಮ್ಮನ ಪಾಸ್‌ಬುಕ್ ತೆಗೆಸಿ, ನಮ್ಮ ಸಾಲದ ಬಡ್ಡಿ ಇದರಲ್ಲಿ ಯಾವ ಬಗೆಯದು ಎಂದು ಕೇಳುತ್ತದೆ. ಆ ಪ್ರಶ್ನೆಗೆ ಮನೆಯಲ್ಲಿ ಉತ್ತರ ಬೇಕಾಗುತ್ತದೆ. ಸಮಾಂತರ ಶ್ರೇಢಿಯ ಪಾಠ ಬಂದಾಗ 120, 110, 100 ಎಂಬ ಅದೇ ಸಾಲು ಮತ್ತೆ ಎದುರಾಗುತ್ತದೆ. ಹಾಗೆ ಕಲಿತ ಬಡ್ಡಿ ಲೆಕ್ಕವನ್ನು ನೆನಪಿಟ್ಟುಕೊ ಎಂದು ಯಾರೂ ಹೇಳಬೇಕಾಗುವುದಿಲ್ಲ.

ಶಾಲೆಯ ಲೆಕ್ಕವೂ ಬದುಕಿನ ಲೆಕ್ಕವೂ ತಾವಾಗಿಯೇ ಕೂಡಿಕೊಳ್ಳುತ್ತವೆ ಎಂದು ಕಾಯುವುದು ವ್ಯರ್ಥ. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೊ ಅವರೂ ಸೇರಿದ ತಂಡದ ಅಧ್ಯಯನ ಇದನ್ನು ನಮ್ಮ ದೇಶದಲ್ಲೇ ತೋರಿಸಿತು. ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ತರಕಾರಿ ಮಾರುವ ಮಕ್ಕಳು ಬೆಲೆ, ತೂಕ, ಚಿಲ್ಲರೆಯ ತೊಡಕಿನ ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸುತ್ತಿದ್ದರು. ಅವರಿಗೇ ಶಾಲೆಯ ರೀತಿಯಲ್ಲಿ ಬರೆದ ಕಳೆಯುವ, ಭಾಗಿಸುವ ಲೆಕ್ಕ ಕೊಟ್ಟರೆ ಬಹಳಷ್ಟು ಮಕ್ಕಳು ಸೋತರು. ಅಂಗಡಿಯ ಅನುಭವವಿಲ್ಲದ ಶಾಲೆಯ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು. ವಾರದ ಸಂತೆಯಲ್ಲಿ ಅಪ್ಪನ ಪಕ್ಕ ಕೂತು ವ್ಯಾಪಾರ ಮಾಡುವ ಹುಡುಗ ಸೋಮವಾರ ತರಗತಿಯಲ್ಲಿ ‘ಗಣಿತದಲ್ಲಿ ವೀಕ್’ ಎನಿಸಿಕೊಳ್ಳುವುದು ನಮ್ಮ ಊರುಗಳಲ್ಲೂ ಇದೆ. ಅವನಿಗೆ ಗಣಿತ ಬರುತ್ತದೆ ಎಂದು ಮೊದಲು ಗುರುತಿಸಿ, ಆಮೇಲೆ ಅವನ ಬಾಯಿಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಎರಡೂ ಕಡೆಯ ವಿದ್ಯೆ ಒಂದಾಗುತ್ತದೆ.

ಇಂಥ ಯತ್ನಗಳು ನಮ್ಮಲ್ಲಿ ನಡೆದೇ ಇಲ್ಲ ಎಂದರೆ ತಪ್ಪಾಗುತ್ತದೆ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕಗಳ ಮೂಲಕ ಕಲಿಕೆಯ ಪ್ರಯೋಗ ಮಾಡಿದರು, ಮಕ್ಕಳಿಗೆಂದೇ ‘ಬಾಲ ಪ್ರಪಂಚ’ದ ಮೂರು ಸಂಪುಟ ಬರೆದರು. ಮೈಸೂರಿನ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದು ಮಕ್ಕಳ ಬೆನ್ನಿನ ಚೀಲದ ಭಾರದ ಬಗ್ಗೆ. ಅದರ ಹಿಂದೆ ಬಂದ ಯಶಪಾಲ್ ಸಮಿತಿ 1993ರ ವರದಿಯಲ್ಲಿ, ಚೀಲದ ಭಾರಕ್ಕಿಂತ ಅರ್ಥವಾಗದೆ ಹೊರುವ ಪಾಠದ ಭಾರ ದೊಡ್ಡದು ಎಂಬ ನಿಲುವಿಗೆ ಬಂತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನೊಂದಿಗೆ, ಋಷಿವ್ಯಾಲಿಯ ಮಾದರಿ ನೋಡಿಬಂದ ಶಿಕ್ಷಕರ ಕೈಯಲ್ಲೇ ರೂಪುಗೊಂಡ ನಲಿ-ಕಲಿ ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹರಡಿತು. ಅಲ್ಲಿ ಪಾಠ ಎಂಬುದು ಮೈಲುಗಲ್ಲುಗಳ ಏಣಿ. ಮಗು ಕಾರ್ಡ್ ತೆಗೆದುಕೊಂಡು ತನ್ನ ‘ತಟ್ಟೆ’ಯಲ್ಲಿ, ಅಂದರೆ ತನ್ನ ಗುಂಪಿನಲ್ಲಿ, ಕುಳಿತು ಕಲಿಯುತ್ತದೆ. ಅಭ್ಯಾಸ, ಬಳಕೆ, ಮೌಲ್ಯಮಾಪನದ ಕಾರ್ಡುಗಳನ್ನು ದಾಟಿಯೇ ಮುಂದಿನ ಮೆಟ್ಟಿಲು. ಇಡೀ ತರಗತಿಗೆ ಒಂದೇ ವೇಗ ಎಂಬ ಕಟ್ಟಳೆ ಇಲ್ಲ. ಕಾರ್ಡು ಹರಿದುಹೋಗಿ, ಶಿಕ್ಷಕರ ಕೊರತೆಯಾಗಿ ಅದು ಬರಿಯ ವಿಧಿಯಾದ ಶಾಲೆಗಳೂ ಇವೆ. ಆದರೆ ತತ್ತ್ವ ಸರಿಯಾಗಿತ್ತು. ನನ್ನ ಆಕ್ಷೇಪ ಇರುವುದು ಅದು ಮೂರನೇ ತರಗತಿಗೇ ನಿಂತುಹೋದದ್ದರ ಬಗ್ಗೆ. ನಾಲ್ಕನೆಯ ತರಗತಿಗೆ ಕಾಲಿಟ್ಟ ಮಗುವಿಗೆ ಕಾರ್ಡೂ ಇಲ್ಲ, ಏಣಿಯೂ ಇಲ್ಲ, ಎದುರಿಗೆ ಬೋರ್ಡು, ಕೈಯಲ್ಲಿ ನೋಟ್ಸ್.

ಭಾಷೆಯ ಮಾತು ಬಿಟ್ಟರೆ ಈ ಚರ್ಚೆ ಪೂರ್ತಿಯಾಗದು. ನೆನಪಿದ್ದದ್ದನ್ನು ಸ್ವಂತ ಮಾತಿನಲ್ಲಿ ಹೇಳು ಎಂದರೆ ಮಗುವಿನ ಬಳಿ ಸ್ವಂತ ಮಾತು ಇರಬೇಕು. ಮನೆಯಲ್ಲಿ ತುಳು, ಬ್ಯಾರಿ, ಲಂಬಾಣಿ, ಉರ್ದು ಆಡುವ ಮಗುವಿಗೆ ಪುಸ್ತಕದ ಕನ್ನಡವೇ ಎರಡನೆಯ ಭಾಷೆ. ಇಂಗ್ಲಿಷ್ ಮಾಧ್ಯಮದಲ್ಲಂತೂ ಉತ್ತರವನ್ನು ಅಕ್ಷರ ಬಿಡದೆ ಉರು ಹೊಡೆಯುವುದಲ್ಲದೆ ಬೇರೆ ದಾರಿಯೇ ಮಕ್ಕಳಿಗೆ ಕಾಣುವುದಿಲ್ಲ. ಮೊದಲು ಮನೆಯ ಮಾತಿನಲ್ಲೇ ಹೇಳಲಿ, ಆಮೇಲೆ ಪುಸ್ತಕದ ಭಾಷೆಗೆ ತರಲಿ. ಕಲಬುರಗಿಯ ಮಗು ಅಲ್ಲಿಯ ಕನ್ನಡದಲ್ಲಿ ಬಾಷ್ಪವಿಸರ್ಜನೆ ವಿವರಿಸಿದರೆ ವಿಜ್ಞಾನಕ್ಕೆ ಏನೂ ಕೊರತೆಯಾಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಬೇಕು. ಮೇಲಿನ ಅಧ್ಯಯನಗಳಲ್ಲಿ ಹಲವು ಅಮೆರಿಕದ ಕಾಲೇಜು ಹುಡುಗರ ಮೇಲೆ ನಡೆದವು. ಒಬ್ಬರೇ ಶಿಕ್ಷಕರು ಐದು ತರಗತಿ ನೋಡುವ, ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಬರೆಯುವ ಶಾಲೆಯಲ್ಲಿ ಇವು ಅದೇ ಅಳತೆಯಲ್ಲಿ ಫಲ ಕೊಡುತ್ತವೆ ಎಂದು ನಾನು ಭರವಸೆ ಕೊಡಲಾರೆ. ಆದರೆ ಇವುಗಳ ಪೈಕಿ ಯಾವುದಕ್ಕೂ ದುಡ್ಡು ಬೇಡ, ಬೇಕಾದದ್ದು ಸಮಯ. ಆ ಸಮಯವನ್ನು ಪಠ್ಯದಿಂದಲೇ ಬಿಡಿಸಿಕೊಳ್ಳಬೇಕು. ಹದಿನೈದು ಪಾಠ ಮುಗಿಸಿ ಮೂರು ಉಳಿಯುವುದಕ್ಕಿಂತ ಹತ್ತು ಪಾಠ ಮಾಡಿ ಎಂಟು ಉಳಿಯುವುದು ಮೇಲು. ಇದನ್ನು ಒಬ್ಬ ಶಿಕ್ಷಕರ ಧೈರ್ಯಕ್ಕೆ ಬಿಟ್ಟರೆ ಆಗದು. ಪಠ್ಯ ರಚಿಸುವವರೂ ಶಾಲೆಗೆ ಭೇಟಿ ಕೊಟ್ಟು ‘ಪೋರ್ಷನ್ ಎಲ್ಲಿಯವರೆಗೆ ಬಂತು’ ಎಂದು ಕೇಳುವ ಅಧಿಕಾರಿಗಳೂ ಇದನ್ನು ಒಪ್ಪಬೇಕು. ಅವರು ಬಂದಾಗ ಕಳೆದ ತಿಂಗಳ ಪಾಠದಿಂದ ಮಕ್ಕಳನ್ನು ಎರಡು ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಶಿಕ್ಷಕರ ಜೊತೆ ಕೂತು ಮಾತಾಡಿದರೆ ಅರ್ಧ ಕೆಲಸ ಆದಂತೆ.

ಹೆತ್ತವರಲ್ಲಿ ನನ್ನ ಕೋರಿಕೆ ಚಿಕ್ಕದು. ರಾತ್ರಿ ಊಟದ ಹೊತ್ತಿಗೆ ‘ಎಷ್ಟು ಮಾರ್ಕ್ಸ್ ಬಂತು’ ಎನ್ನುವ ಮೊದಲು ‘ಇವತ್ತು ಏನು ಕಲಿತೆ, ನನಗೂ ಹೇಳಿಕೊಡು’ ಎಂದು ಕೇಳಿ. ಅಕ್ಷರ ಬಾರದ ತಾಯಿಯೂ ಕೇಳಬಹುದಾದ ಪ್ರಶ್ನೆ ಅದು. ಮುಖ್ಯಶಿಕ್ಷಕರಲ್ಲಿ ಇನ್ನೊಂದು ಕೋರಿಕೆ. ಈ ವರ್ಷದ ವೇಳಾಪಟ್ಟಿ ಹಾಕುವಾಗ ಪ್ರತಿ ವಿಷಯಕ್ಕೂ ವಾರದಲ್ಲಿ ಒಂದು ಪೀರಿಯಡ್ ಹಳೆಯ ಪಾಠಕ್ಕೆ ಎಂದು ಬರೆದಿಡಿ. ಆ ಪೀರಿಯಡ್‌ನಲ್ಲಿ ಹೊಸದೇನೂ ಬೇಡ, ಅಂಕವೂ ಬೇಡ. ಪೋರ್ಷನ್ ಹಿಂದೆ ಬಿದ್ದಿದೆ ಎಂದು ಅದನ್ನು ಯಾರಿಗೂ ಬಿಟ್ಟುಕೊಡಬೇಡಿ.